ಬೀಳ್ಕೊಡುಗೆಯ ಹಾರಕ್ಕೂ ಮೊದಲು ಚಾರ್ಜ್ ಪಟ್ಟಿ

ಮೇ 31ರ ಸಂಜೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಬೀಳ್ಕೊಡುಗೆ ಸಮಾರಂಭಗಳ ಸುಗ್ಗಿ. ಈಗ ನಿವೃತ್ತಿಯಾಗುತ್ತಿರುವ ತಲೆಮಾರಿನ ಬಹಳಷ್ಟು ಮಂದಿಯ ಜನ್ಮದಿನಾಂಕ ಶಾಲಾ ದಾಖಲೆಯಲ್ಲಿ ಜೂನ್ 1 ಎಂದೇ ಇದೆ. ಮನೆಯಲ್ಲಿ ಹುಟ್ಟಿದ ದಿನ ಯಾರೂ ಬರೆದಿಟ್ಟಿರಲಿಲ್ಲ. ಒಂದನೇ ತರಗತಿಗೆ ಸೇರಿಸಿಕೊಂಡ ಮೇಷ್ಟ್ರು ಶಾಲೆ ಶುರುವಾಗುವ ತಿಂಗಳನ್ನೇ ಹಿಡಿದು, ವಯಸ್ಸಿಗೆ ಹೊಂದುವ ವರ್ಷ ಹಾಕಿ ಬರೆದುಬಿಟ್ಟರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸೇವಾ ನಿಯಮ. ಹಾಗಾಗಿ 60 ತುಂಬಿದ ಈ ಮೇಷ್ಟ್ರುಗಳು, ಮೇಡಂಗಳು ಮೇ ಕೊನೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೊರಡುತ್ತಾರೆ.

ಆ ಸಂಜೆ ಹೊರಡುವವರು ಪಾಠ ಹೇಳಿದ ಮುಖ್ಯ ಶಿಕ್ಷಕರಷ್ಟೇ ಆಗಿದ್ದರೆ ಈ ಲೇಖನ ಬೇಕಿರಲಿಲ್ಲ. ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕರು ಆ ಶಾಲೆಯ ಹಣಕಾಸಿನ ಮುಖ್ಯಸ್ಥರೂ ಹೌದು. ಇಲಾಖೆಯ ಭಾಷೆಯಲ್ಲಿ ಅವರು ಡಿಡಿಒ, ಅಂದರೆ ಖಜಾನೆಯಿಂದ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ. ಸಿಬ್ಬಂದಿಯ ಸಂಬಳದ ಬಿಲ್ಲಿಗೆ ಅವರದೇ ಸಹಿ. ಬಿಸಿಯೂಟದ ಮೊಟ್ಟೆ, ತರಕಾರಿಯ ಹಣಕ್ಕೆ ಅವರದೇ ಸಹಿ. ಸಮಗ್ರ ಶಿಕ್ಷಣದ ಅನುದಾನ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜಂಟಿ ಖಾತೆ, ಹಳೆಯ ವಿದ್ಯಾರ್ಥಿಗಳು ಕೊಟ್ಟ ದತ್ತಿ ಠೇವಣಿ, ವಿದ್ಯಾರ್ಥಿವೇತನದ ಪೋರ್ಟಲ್ ಎಲ್ಲದರ ಕೀಲಿ ಅವರ ಕೈಯಲ್ಲಿ. ಪ್ರಾಥಮಿಕ ಶಾಲೆಯಲ್ಲಿ ಸಂಬಳದ ಹೊಣೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ, ಉಳಿದ ಭಾರ ಅಲ್ಲೂ ಹೆಚ್ಚು ಕಡಿಮೆ ಇಷ್ಟೇ. ಇಷ್ಟನ್ನೂ ಇನ್ನೊಬ್ಬರಿಗೆ ಒಪ್ಪಿಸುವ ಕೆಲಸಕ್ಕೆ ನಮ್ಮ ವ್ಯವಸ್ಥೆ ಕೊಡುವ ಸಮಯವೆಷ್ಟು ನೋಡಿ. ಇತ್ತೀಚಿನ ವರ್ಷಗಳಲ್ಲಿ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾಗಿ ಮೇ 28ರವರೆಗೆ ನಡೆಯುತ್ತಿದೆ. ಶಾಲೆ ತೆರೆಯುವುದು ಮೇ 29ಕ್ಕೆ. ನಿವೃತ್ತಿ 31ಕ್ಕೆ. ಮೂರು ದಿನ. ನಡುವೆ ಭಾನುವಾರ ಬಿದ್ದರೆ ಎರಡೇ. ಆ ದಿನಗಳಲ್ಲೇ ಶಾಲೆಗೆ ತಳಿರು ತೋರಣ ಕಟ್ಟಬೇಕು, ದಾಖಲಾತಿ ನಡೆಸಬೇಕು, ಪಠ್ಯಪುಸ್ತಕ ಹಂಚಬೇಕು, ಮಕ್ಕಳಿಗೆ ಸಿಹಿಯೂಟ ಹಾಕಿಸಬೇಕು. ಸಾಲದ್ದಕ್ಕೆ, ಸಂಬಳದ ಟಿಡಿಎಸ್‌ನ ನಾಲ್ಕನೇ ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಲು ಕೊನೆಯ ದಿನವೂ ಮೇ 31. ತಪ್ಪಿದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಅದನ್ನು ಕಟ್ಟುವುದು ಯಾರು, ಹೋದವರೋ ಬಂದವರೋ ಎಂಬ ಜಗಳ ಆಮೇಲೆ ವರ್ಷಗಟ್ಟಲೆ ನಡೆಯುತ್ತದೆ.

ಹೀಗಾಗಿ ಚಾರ್ಜ್ ಕೊಡುವ ಕೆಲಸ ಮೇ ತಿಂಗಳದ್ದಲ್ಲ, ಡಿಸೆಂಬರ್‌ನದ್ದು. ಎಸ್ಸೆಸ್ಸೆಲ್ಸಿ ತಯಾರಿ ಜನವರಿಯಿಂದ ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ. ಪರೀಕ್ಷೆ, ಮೌಲ್ಯಮಾಪನ ಮುಗಿಯುವಷ್ಟರಲ್ಲಿ ರಜೆ ಬಂದಿರುತ್ತದೆ. ಮಾರ್ಚ್ 31ಕ್ಕೆ ಹಣಕಾಸು ವರ್ಷ ಮುಗಿಯುವುದರಿಂದ ಲೆಕ್ಕಕ್ಕೆ ಅದೊಂದು ಸಹಜ ಗಡಿ. ಆ ಗಡಿಯವರೆಗಿನ ಎಲ್ಲವನ್ನೂ ಏಪ್ರಿಲ್ ಮೊದಲ ವಾರದೊಳಗೆ ಮುಗಿಸಿಟ್ಟವರಿಗೆ ಮೇನಲ್ಲಿ ಎರಡೇ ತಿಂಗಳ ಲೆಕ್ಕ ಉಳಿಯುತ್ತದೆ. ಮೂರು ದಿನದಲ್ಲಿ ಎರಡು ತಿಂಗಳ ಲೆಕ್ಕ ಒಪ್ಪಿಸಬಹುದು, ಎಂಟು ವರ್ಷದ್ದನ್ನು ಒಪ್ಪಿಸಲಾಗದು.

ಸಿಟಿಸಿಯ ಕಾಗದ ಮತ್ತು ಅದರ ಹಿಂದಿನ ಕೆಲಸ

ಕಾಗದದ ಮಟ್ಟಿಗೆ ಪ್ರಭಾರ ವರ್ಗಾವಣೆ ಸರಳವಾಗಿಯೇ ಕಾಣುತ್ತದೆ. ಸಿಟಿಸಿ ಎಂದು ಎಲ್ಲ ಕಚೇರಿಗಳಲ್ಲೂ ಕರೆಯುವ ಪ್ರಭಾರ ವರ್ಗಾವಣೆ ಪ್ರಮಾಣಪತ್ರವೊಂದು ಸಿದ್ಧವಾಗುತ್ತದೆ. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಸಹಿ ಹಾಕುತ್ತಾರೆ, ಪ್ರತಿಗಳು ಬಿಇಒ ಕಚೇರಿಗೂ ಖಜಾನೆಗೂ ಹೋಗುತ್ತವೆ. ಜೊತೆಗೊಂದು ಚಾರ್ಜ್ ಪಟ್ಟಿ. ಅದರಲ್ಲಿ ಬೆಂಚು, ಬೀರು, ಗ್ಲೋಬು, ಲ್ಯಾಬಿನ ಗಾಜಿನ ಸಾಮಾನು, ದಾಖಲಾತಿ ಪುಸ್ತಕ, ಹಾಜರಿ ಪುಸ್ತಕಗಳ ಸಂಖ್ಯೆ. ಸಾಮಾನ್ಯವಾಗಿ ಈ ಸಾಮಾನಿನ ಪಟ್ಟಿ ಹತ್ತು ಪುಟ ಇರುತ್ತದೆ, ಹಣದ ಪಟ್ಟಿ ಅರ್ಧ ಪುಟ. ಇದು ತಿರುವುಮುರುವಾಗಿ ಇರಬೇಕಿತ್ತು. ಗ್ಲೋಬು ಕಾಣದಿದ್ದರೆ ಇನ್ನೊಂದು ತರಬಹುದು. ಒಂದು ಚೆಕ್ಕಿನ ಹಾಳೆ ಲೆಕ್ಕಕ್ಕೆ ಸಿಗದಿದ್ದರೆ ಉತ್ತರ ಹೇಳುವವರು ಯಾರು?

ನಗದು ಪುಸ್ತಕದಿಂದ ಶುರು ಮಾಡೋಣ. ಶಾಲೆಯ ಅಭಿವೃದ್ಧಿ ಖಾತೆಯ ನಗದು ಪುಸ್ತಕದಲ್ಲಿ ಆಖೈರು ಶಿಲ್ಕು 1,84,320 ರೂಪಾಯಿ, ಅದೇ ದಿನದ ಪಾಸ್‌ಬುಕ್ಕಿನಲ್ಲಿ 2,07,680 ರೂಪಾಯಿ ಇದೆ ಎಂದುಕೊಳ್ಳಿ. ಹಣ ಹೆಚ್ಚಿದೆಯಲ್ಲ, ಒಳ್ಳೆಯದೇ ಎಂದು ಸಹಿ ಹಾಕಿಬಿಡುವವರಿದ್ದಾರೆ. ವ್ಯತ್ಯಾಸ 23,360 ರೂಪಾಯಿ. ಕೂತು ಹುಡುಕಿದರೆ ಅದರಲ್ಲಿ 4,860 ರೂಪಾಯಿ ಬ್ಯಾಂಕು ವರ್ಷವಿಡೀ ಜಮಾ ಮಾಡಿದ ಬಡ್ಡಿ, ನಗದು ಪುಸ್ತಕಕ್ಕೆ ಏರಿಸಿಲ್ಲ. ಉಳಿದ 18,500 ರೂಪಾಯಿ ಬೆಂಚು ರಿಪೇರಿ ಮಾಡಿದ ಬಡಗಿಗೆ ಫೆಬ್ರುವರಿ ಮೊದಲ ವಾರ ಬರೆದುಕೊಟ್ಟ ಚೆಕ್ಕು, ಆತ ಇನ್ನೂ ಬ್ಯಾಂಕಿಗೆ ಹಾಕಿಲ್ಲ. ಚೆಕ್ಕಿಗೆ ಮೂರೇ ತಿಂಗಳ ಆಯುಸ್ಸು. ಮೇ ಕೊನೆಗೆ ಆ ಕಾಗದ ಸತ್ತಿದೆ, ಬಡಗಿಗೆ ಕೊಡಬೇಕಾದ ಹಣ ಮಾತ್ರ ಹಾಗೇ ಇದೆ. ಹೊಸಬರಿಗೆ ಈ ಎರಡು ಸಾಲಿನ ಟಿಪ್ಪಣಿ ಬರೆದಿಡದೆ ಹೋದರೆ ಜುಲೈನಲ್ಲಿ ಬಡಗಿ ಬಂದು ನಿಂತಾಗ ಅವರು ಆತನನ್ನು ಅನುಮಾನದಿಂದ ನೋಡುತ್ತಾರೆ. ಬಿಲ್ಲು ಹಳೆಯದು, ಸಹಿ ಮಾಡಿದವರು ಊರಲ್ಲಿಲ್ಲ, ಕೆಲಸದ ಅಳತೆ ಪುಸ್ತಕ (ಎಂ.ಬಿ.) ಬರೆದ ಎಂಜಿನಿಯರ್ ವರ್ಗವಾಗಿದ್ದಾರೆ. ದುಡಿದು ತಿನ್ನುವ ಮನುಷ್ಯ ಶಾಲೆಯ ಬಾಗಿಲಿಗೆ ಅಲೆಯತೊಡಗುತ್ತಾನೆ.

ಪ್ರತಿ ಖಾತೆಗೂ ಇಂಥದ್ದೊಂದು ತಾಳೆಪಟ್ಟಿ ಬೇಕು. ನಗದು ಪುಸ್ತಕದ ಶಿಲ್ಕು, ಪಾಸ್‌ಬುಕ್ಕಿನ ಶಿಲ್ಕು, ನಡುವಿನ ಅಂತರಕ್ಕೆ ಒಂದೊಂದಾಗಿ ಕಾರಣ, ಕೆಳಗೆ ತಾರೀಖು, ಸಹಿ. ಬಳಸದ ಚೆಕ್ಕುಗಳ ಮೊದಲ ಮತ್ತು ಕೊನೆಯ ಸಂಖ್ಯೆ, ರದ್ದಾದ ಹಾಳೆಗಳ ಸಂಖ್ಯೆ, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳ ಸಂಖ್ಯೆಗಳನ್ನೂ ಅಲ್ಲೇ ಬರೆಯಬೇಕು. ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಲೇಬೇಕು. ಹೊಸಬರ ಸಹಿ ಬ್ಯಾಂಕಿನಲ್ಲಿ ನೋಂದಣಿಯಾಗಲು ತಡವಾಗುತ್ತದೆ, ಮಕ್ಕಳ ಮೊಟ್ಟೆಗೆ ತೊಂದರೆಯಾಗಬಾರದು ಎಂಬ ಸದುದ್ದೇಶದಿಂದಲೇ ಕೆಲವರು ನಾಲ್ಕೈದು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಟ್ಟು ಹೋಗುತ್ತಾರೆ. ಪ್ರಭಾರ ಬಿಟ್ಟ ಮೇಲೆ ಆ ಸಹಿಗೆ ಅಧಿಕಾರವಿಲ್ಲ. ಆ ಚೆಕ್ಕು ಯಾವ ಕೈಗೆ ಹೋದರೂ ಹೊಣೆ ನಿವೃತ್ತರ ತಲೆಗೆ ಬರುತ್ತದೆ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಇದನ್ನು ಮಾಡಲೇಬಾರದು.

ಹಳೆಯ ಪಾಸ್‌ಬುಕ್ಕುಗಳ ಗಂಟು

ಯಾವುದೇ ಹಳೆಯ ಸರ್ಕಾರಿ ಶಾಲೆಯ ಬೀರುವಿನ ತಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ಇರುತ್ತದೆ. ಅದರಲ್ಲಿ ಈಗ ಇಲ್ಲದ ಬ್ಯಾಂಕುಗಳ ಪಾಸ್‌ಬುಕ್ಕುಗಳು ಸಿಗುತ್ತವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಒಳಗೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಹೋದವು. 2025ರ ಮೇನಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಪ್ರತಿ ಸಲವೂ ಬೋರ್ಡು ಬದಲಾಗಿದೆ, ಐಎಫ್‌ಎಸ್‌ಸಿ ಬದಲಾಗಿದೆ, ಕೆಲವೆಡೆ ಶಾಖೆಯೇ ಬೇರೆ ಬೀದಿಗೆ ಹೋಗಿದೆ. ಶಾಲೆಯ ಚಾರ್ಜ್ ಪಟ್ಟಿಯಲ್ಲಿ ಮಾತ್ರ ಹಳೆಯ ಹೆಸರು, ಹಳೆಯ ಖಾತೆ ಸಂಖ್ಯೆಯೇ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತಾ ಬಂದಿದೆ.

ಬ್ಯಾಂಕುಗಳಂತೆಯೇ ಯೋಜನೆಗಳೂ ಬದಲಾದವು. ಸರ್ವ ಶಿಕ್ಷಾ ಅಭಿಯಾನಕ್ಕೊಂದು ಖಾತೆ, 2009ರಲ್ಲಿ ಬಂದ ಮಾಧ್ಯಮಿಕ ಶಿಕ್ಷಾ ಅಭಿಯಾನಕ್ಕೆ ಇನ್ನೊಂದು ಖಾತೆ ತೆರೆದಿದ್ದರು. 2018ರಲ್ಲಿ ಎರಡನ್ನೂ ಸೇರಿಸಿ ಸಮಗ್ರ ಶಿಕ್ಷಣ ಎಂದಾಯಿತು. 2021ರ ಜುಲೈನಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣದ ದಾರಿಯೇ ಬೇರೆಯಾಯಿತು. ರಾಜ್ಯಕ್ಕೊಂದೇ ನೋಡಲ್ ಖಾತೆ, ಶಾಲೆಗೆ ಶೂನ್ಯ ಶಿಲ್ಕಿನ ಖಾತೆ. ಮಿತಿಯಷ್ಟು ಖರ್ಚು ಮಾಡಿದಾಗ ಮೇಲಿನಿಂದ ಹಣ ಹರಿಯುತ್ತದೆ, ಖರ್ಚಾಗದ ಮಿತಿ ಶಾಲೆಯಲ್ಲಿ ಉಳಿಯುವುದಿಲ್ಲ. ಆಗ ಹಳೆಯ ಖಾತೆಗಳಲ್ಲಿದ್ದ ಹಣವನ್ನು ಹಿಂದಿರುಗಿಸಿ ಖಾತೆ ಮುಚ್ಚಬೇಕಿತ್ತು. ಬಹಳ ಕಡೆ ಮುಚ್ಚಿದರು, ಕೆಲವು ಕಡೆ ಮರೆತರು. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯ ಎಂದು ಗುರುತಿಸುತ್ತದೆ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಅರ್ಜಿ ಹಾಕಿ ವಾಪಸು ಪಡೆಯಲು ಅವಕಾಶವಿದೆ, ಅದಕ್ಕೆ ಆ ಖಾತೆ ಇತ್ತೆಂದು ಯಾರಿಗಾದರೂ ಗೊತ್ತಿರಬೇಕಷ್ಟೆ.

ನನ್ನನ್ನು ಹೆಚ್ಚು ಕಾಡುವುದು ದತ್ತಿ ಬಹುಮಾನಗಳ ವಿಷಯ. ಊರಿನ ಯಾರೋ ಒಬ್ಬರು ತಮ್ಮ ತಾಯಿಯ ಹೆಸರಲ್ಲಿ ಹತ್ತು ಸಾವಿರ ರೂಪಾಯಿ ಕೊಟ್ಟಿರುತ್ತಾರೆ. ಅದನ್ನು ಠೇವಣಿ ಇಟ್ಟು, ಪ್ರತಿವರ್ಷ ಕನ್ನಡದಲ್ಲಿ ಅತಿ ಹೆಚ್ಚು ಅಂಕ ಪಡೆದ ಹುಡುಗಿಗೆ ಬಡ್ಡಿಯನ್ನು ಬಹುಮಾನವಾಗಿ ಕೊಡಿ ಎನ್ನುತ್ತಾರೆ. ಠೇವಣಿ ಪತ್ರ ಮೂವರು ಮುಖ್ಯ ಶಿಕ್ಷಕರ ಹಿಂದಿನವರ ಹೆಸರಿನಲ್ಲಿರುತ್ತದೆ. ದಾನಿಯ ಷರತ್ತು ಆ ಹಳೆಯ ಮೇಷ್ಟ್ರಿಗೆ ಬಾಯಲ್ಲಿ ಗೊತ್ತಿತ್ತು. ಒಂದು ವರ್ಷ ಬಹುಮಾನ ನಿಂತರೆ ಮುಂದಿನ ವರ್ಷ ಯಾರೂ ಕೇಳುವುದಿಲ್ಲ. ಕೊಟ್ಟವರ ಮಕ್ಕಳು ಎಲ್ಲೋ ದೂರದಲ್ಲಿರುತ್ತಾರೆ. ಶಾಲೆಯ ಮೇಲಿಟ್ಟ ಒಂದು ನಂಬಿಕೆ ಸದ್ದಿಲ್ಲದೆ ಮುರಿದಿರುತ್ತದೆ. ಹೊರಡುವ ಮುಖ್ಯ ಶಿಕ್ಷಕರು ಒಂದು ಹಾಳೆಯಲ್ಲಿ ದಾನಿಯ ಹೆಸರು, ಕೊಟ್ಟ ವರ್ಷ, ಮೊತ್ತ, ಷರತ್ತು, ಠೇವಣಿ ಈಗಿರುವ ಶಾಖೆ, ಅವಧಿ ಮುಗಿಯುವ ತಾರೀಖು, ಕಳೆದ ಬಾರಿ ಬಹುಮಾನ ಪಡೆದ ಮಗುವಿನ ವಿವರ ಬರೆದು ಎಸ್‌ಡಿಎಂಸಿ ನಡವಳಿಗೆ ಸೇರಿಸಿದರೆ ಈ ನಂಬಿಕೆ ಇನ್ನೊಂದು ತಲೆಮಾರಿಗೆ ಉಳಿಯುತ್ತದೆ.

ಅಕ್ಕಿಯ ಚೀಲ ತೂಗಿ

ಬಿಸಿಯೂಟದ ದಾಸ್ತಾನು ಕೂಡ ಹಣವೇ. ಅಕ್ಷರ ದಾಸೋಹ ನಮ್ಮಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಶುರುವಾಗಿ ಇಡೀ ರಾಜ್ಯಕ್ಕೆ ಹಬ್ಬಿತು. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೂ ರಾಜ್ಯ ಸರ್ಕಾರ ತನ್ನ ಹಣದಲ್ಲಿ ಊಟ ಕೊಡುತ್ತಿದೆ. ಐದನೇ ತರಗತಿವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಮೇಲಿನ ತರಗತಿಗಳಿಗೆ 150 ಗ್ರಾಂ. 210 ಮಕ್ಕಳು ಹಾಜರಿರುವ ಪ್ರೌಢಶಾಲೆಯಲ್ಲಿ ದಿನಕ್ಕೆ 31 ಕಿಲೋ 500 ಗ್ರಾಂ ಅಕ್ಕಿ ಬೇಯುತ್ತದೆ. ದಾಸ್ತಾನು ಪುಸ್ತಕ, ಹಾಜರಿ ಪುಸ್ತಕ, ಉಗ್ರಾಣ ಮೂರೂ ಒಂದೇ ಮಾತು ಹೇಳಬೇಕು.

ಏಪ್ರಿಲ್‌ನಲ್ಲಿ ಬಾಗಿಲು ಹಾಕಿದ ಉಗ್ರಾಣವನ್ನು ಮೇ ಕೊನೆಗೆ ತೆರೆದರೆ ಅಲ್ಲಿ ಏನಿರುತ್ತದೆ ಎಂಬುದು ಅಡುಗೆಯ ಅಕ್ಕಂದಿರಿಗೆ ಚೆನ್ನಾಗಿ ಗೊತ್ತು. ಚೀಲದ ಮೂಲೆ ಇಲಿ ಕಡಿದಿರುತ್ತದೆ, ಬೇಳೆಗೆ ಹುಳ ಬಿದ್ದಿರುತ್ತದೆ, ಕ್ಷೀರಭಾಗ್ಯದ ಹಾಲಿನಪುಡಿ ಪೊಟ್ಟಣಗಳ ಬಳಕೆಯ ಅವಧಿ ಹತ್ತಿರವಾಗಿರುತ್ತದೆ. 50 ಕಿಲೋ ಎಂದು ಅಚ್ಚಾದ ಚೀಲ ತಕ್ಕಡಿಗೆ ಹಾಕಿದರೆ ಅಷ್ಟೇ ತೂಗುತ್ತದೆಂದು ಹೇಳುವಂತಿಲ್ಲ. ಆದರೂ ಚಾರ್ಜ್ ಪಟ್ಟಿಯಲ್ಲಿ "ಅಕ್ಕಿ 12 ಚೀಲ" ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ತಕ್ಕಡಿ ತರಿಸಿ, ಮುಖ್ಯ ಅಡುಗೆಯವರನ್ನೂ ಎಸ್‌ಡಿಎಂಸಿ ಅಧ್ಯಕ್ಷರನ್ನೂ ನಿಲ್ಲಿಸಿಕೊಂಡು ಪ್ರತಿ ಚೀಲ ತೂಗಿ, ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಕೆಟ್ಟದ್ದಿದ್ದರೆ ಬೇರೆ ಮಹಜರು ಮಾಡಬೇಕು. ತೂಕ ಕಡಿಮೆ ಬಂದರೆ ಹೊರಡುವವರಿಗೆ ಮುಜುಗರವಾಗುತ್ತದೆ, ನಿಜ. ಅವತ್ತು ಮುಜುಗರ ತಪ್ಪಿಸಿಕೊಂಡರೆ ಮುಂದೆ ತಪಾಸಣೆಗೆ ಬಂದವರು ಆ ಕೊರತೆಯನ್ನು ಇನ್ನೂ ಏನೂ ಮುಟ್ಟದ ಹೊಸಬರ ಹೆಸರಿಗೆ ಬರೆಯುತ್ತಾರೆ.

ಇನ್ನು ಕೈಯಿಂದ ಹಾಕಿದ ದುಡ್ಡಿನ ವಿಷಯ. ಮೊಟ್ಟೆಗೆ ಸರ್ಕಾರ ಕೊಡುವ ದರ ನಿಗದಿಯಾಗಿರುತ್ತದೆ, ಸಂತೆಯ ದರ ಏರಿಳಿಯುತ್ತದೆ. ಅನುದಾನ ಬರುವುದು ತಡವಾಗುತ್ತದೆ. ಆ ನಡುವೆ ಮಕ್ಕಳ ತಟ್ಟೆ ಖಾಲಿಯಾಗಬಾರದೆಂದು ಸಂಬಳದ ಹಣ ಹಾಕಿ ನಡೆಸಿಕೊಂಡು ಬಂದ ಮುಖ್ಯ ಶಿಕ್ಷಕರು ರಾಜ್ಯದ ಎಲ್ಲ ತಾಲ್ಲೂಕುಗಳಲ್ಲೂ ಸಿಗುತ್ತಾರೆ. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಈ ಸಾಲ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅಂಗಡಿಯವರ ಚೀಟಿಯಲ್ಲಿ, ಅವರ ಸ್ವಂತ ಡೈರಿಯಲ್ಲಿ ಇರುತ್ತದೆ. ನಿವೃತ್ತಿಯ ನಂತರ ಅನುದಾನ ಬಂದರೆ ಅದು ಹೊಸಬರ ಸಹಿಗೆ ಬರುತ್ತದೆ. ಹಿಂದಿನವರಿಗೆ ಕೊಡಲು ಅವರ ಬಳಿ ಆಧಾರವಿಲ್ಲ. ಅದಕ್ಕೇ ಡಿಸೆಂಬರ್‌ನಿಂದಲೇ ಪ್ರತಿ ತಿಂಗಳು ಬಿಲ್ಲುಗಳನ್ನು ಎಸ್‌ಡಿಎಂಸಿ ಸಭೆಯ ಮುಂದಿಟ್ಟು, ಇಂತಿಷ್ಟು ಹಣವನ್ನು ಮುಖ್ಯ ಶಿಕ್ಷಕರು ಮುಂಗಡವಾಗಿ ಭರಿಸಿದ್ದಾರೆ ಎಂದು ನಡವಳಿಯಲ್ಲಿ ಬರೆಸಬೇಕು. ಸಂಕೋಚಪಟ್ಟು ಬಿಟ್ಟವರು ಆ ಹಣವನ್ನು ಮರೆಯಬೇಕಾಗುತ್ತದೆ.

ಒಟಿಪಿ ಯಾರ ಮೊಬೈಲಿಗೆ?

ಹಿಂದೆ ಚಾರ್ಜ್ ಎಂದರೆ ಬೀರುವಿನ ಕೀಲಿ ಗೊಂಚಲು. ಈಗ ಅದರ ಜೊತೆಗೆ ಸಂಬಳಕ್ಕೆ ಎಚ್‌ಆರ್‌ಎಂಎಸ್, ಬಿಲ್ಲಿಗೆ ಖಜಾನೆ-2, ಯೋಜನೆಯ ಹಣಕ್ಕೆ ಪಿಎಫ್‌ಎಂಎಸ್, ಮಕ್ಕಳ ವಿವರಕ್ಕೆ ಸ್ಯಾಟ್ಸ್, ಶಾಲೆಯ ಅಂಕಿಅಂಶಕ್ಕೆ ಯುಡೈಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಪರೀಕ್ಷೆಗೆ ಮಂಡಳಿಯ ಲಾಗಿನ್, ತೆರಿಗೆಗೆ ಟ್ಯಾನ್ ಸಂಖ್ಯೆಯ ಲಾಗಿನ್. ಬಹುಪಾಲು ಶಾಲೆಗಳಲ್ಲಿ ಇವಕ್ಕೆಲ್ಲ ಕೊಟ್ಟಿರುವುದು ಮುಖ್ಯ ಶಿಕ್ಷಕರ ಸ್ವಂತ ಮೊಬೈಲ್ ಸಂಖ್ಯೆ. ಜೂನ್ ಮೂರನೇ ವಾರ ಸಂಬಳದ ಬಿಲ್ಲು ಮಾಡಲು ಕೂತಾಗ ಒಟಿಪಿ ಹೋಗುವುದು ತೀರ್ಥಯಾತ್ರೆಯಲ್ಲಿರುವ ನಿವೃತ್ತರ ಫೋನಿಗೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಶಾಲೆಯ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಇಟ್ಟು, ಅನುಮತಿಯಿರುವ ಪೋರ್ಟಲ್‌ಗಳಿಗೆಲ್ಲ ಅದನ್ನೇ ಕೊಡುವುದು. ಪಾಸ್‌ವರ್ಡ್‌ಗಳನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಲದು. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪೋರ್ಟಲ್ ತೆರೆದು, ಅವರ ಕೈಯಿಂದಲೇ ಹೊಸ ಪಾಸ್‌ವರ್ಡ್ ಹಾಕಿಸಬೇಕು. ಡಿಜಿಟಲ್ ಸಹಿಯ ಪೆನ್‌ಡ್ರೈವ್ ಮಾತ್ರ ಯಾರಿಗೂ ಕೊಡುವಂಥದ್ದಲ್ಲ. ಅದು ವ್ಯಕ್ತಿಯ ಸಹಿ, ಹುದ್ದೆಯದ್ದಲ್ಲ. ಅದನ್ನು ರದ್ದು ಮಾಡಿಸಿ, ಹೊಸಬರು ತಮ್ಮ ಹೆಸರಿನದನ್ನು ಪಡೆಯಬೇಕು. ಬ್ಯಾಂಕಿನ ಸಹಿ ಬದಲಾವಣೆಗೆ ಎಸ್‌ಡಿಎಂಸಿ ನಡವಳಿ, ಮೇಲಧಿಕಾರಿಯ ಆದೇಶ, ಸಿಟಿಸಿ ಪ್ರತಿ, ಆಧಾರ್, ಪ್ಯಾನ್, ಭಾವಚಿತ್ರ ಕೇಳುತ್ತಾರೆ. ಈ ಕಡತವನ್ನು ಮೊದಲೇ ಹೊಂದಿಸಿ, ಹೊಸಬರ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು ಸಿದ್ಧವಾಗಿಟ್ಟವರ ಶಾಲೆಯಲ್ಲಿ ಜೂನ್ ತಿಂಗಳ ಮೊಟ್ಟೆ ನಿಲ್ಲುವುದಿಲ್ಲ.

ಹೊಸಬರು ಎಂದು ಬರೆಯುತ್ತಿದ್ದೇನೆ. ಎಷ್ಟೋ ಶಾಲೆಗಳಲ್ಲಿ ಹೊಸಬರೇ ಬಂದಿರುವುದಿಲ್ಲ. ಹುದ್ದೆ ಖಾಲಿ ಬೀಳುತ್ತದೆ, ಇರುವವರಲ್ಲಿ ಹಿರಿಯ ಸಹ ಶಿಕ್ಷಕರೊಬ್ಬರಿಗೆ ಪ್ರಭಾರ ಬೀಳುತ್ತದೆ. ಅವರು ವಾರವಿಡೀ ಗಣಿತವೋ ಇಂಗ್ಲಿಷೋ ಪಾಠ ಮಾಡಬೇಕಾದವರು, ಬಿಲ್ಲು ಮಾಡಿ ಗೊತ್ತಿಲ್ಲದವರು. ಶಾಲೆಯ ಗುಮಾಸ್ತರ ಹುದ್ದೆಯೂ ಖಾಲಿ ಇದ್ದರೆ, ಇಲ್ಲವೇ ಅವರು ಇನ್ನೊಂದು ಕಚೇರಿಗೆ ನಿಯೋಜನೆ ಮೇಲೆ ಹೋಗಿದ್ದರೆ ಈ ಪ್ರಭಾರಿಗಳ ಪಾಡು ಹೇಳತೀರದು. ನಿವೃತ್ತರಾಗುವವರು ಬರೆದಿಡುವ ಟಿಪ್ಪಣಿ ಇಂಥವರಿಗೆ ಅರ್ಥವಾಗುವಂತಿರಬೇಕು. "ನಿಯಮಾನುಸಾರ ಕ್ರಮ ವಹಿಸುವುದು" ಎಂಬ ಇಲಾಖೆಯ ವಾಕ್ಯದಿಂದ ಅವರಿಗೆ ಏನೂ ಸಿಗುವುದಿಲ್ಲ. "ಪ್ರತಿ ತಿಂಗಳು ಇಷ್ಟನೇ ತಾರೀಖಿನೊಳಗೆ ಬಿಲ್ಲು ಸಿದ್ಧ ಮಾಡಿ. ಒಬ್ಬ ಶಿಕ್ಷಕರ ಸಾಲದ ಕಡಿತ ಸೆಪ್ಟೆಂಬರ್‌ಗೆ ಮುಗಿಯುತ್ತದೆ, ಅಕ್ಟೋಬರ್‌ನಿಂದ ನಿಲ್ಲಿಸಿ. ಫಾರಂ 16 ಜೂನ್ 15ರೊಳಗೆ ಎಲ್ಲರಿಗೂ ಕೊಡಿ. ಯುಡೈಸ್‌ಗೆ ಸೆಪ್ಟೆಂಬರ್ 30ರ ಅಂಕಿ ಬೇಕು, ಅವತ್ತೇ ಎಣಿಸಿಟ್ಟುಕೊಳ್ಳಿ" ಎಂದು ಬರೆದರೆ ಸಿಗುತ್ತದೆ. ಹನ್ನೆರಡು ತಿಂಗಳಿಗೆ ಹನ್ನೆರಡು ಪುಟ, ಪ್ರತಿ ಪುಟದಲ್ಲಿ ಆ ತಿಂಗಳು ಬರುವ ಹಣ, ಹೋಗುವ ಹಣ, ಕಳಿಸಬೇಕಾದ ವರದಿ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನೋಟ್ಸ್ ಬರೆಸಿದ ಕೈಗೆ ಇದು ಕಷ್ಟದ ಕೆಲಸವಲ್ಲ.

ಆಡಿಟ್ ಆಕ್ಷೇಪಣೆಗಳಿಗೆ ಪ್ರತ್ಯೇಕ ಕಡತ ಬೇಕು. ಮೂರು ವರ್ಷ ಹಿಂದಿನ ಖರ್ಚಿನ ಬಗ್ಗೆ ಲೆಕ್ಕ ಪರಿಶೋಧಕರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿರುವುದು ಖರ್ಚು ಮಾಡಿದವರಿಗೆ ಮಾತ್ರ. ಯಾವ ಕಂಡಿಕೆ ಬಾಕಿ ಇದೆ, ಅದಕ್ಕೆ ಸಂಬಂಧಿಸಿದ ಓಚರ್ ಯಾವ ಕಟ್ಟಿನಲ್ಲಿದೆ, ಉಪಯೋಗಿತಾ ಪ್ರಮಾಣಪತ್ರ ಯಾವುದಕ್ಕೆ ಕೊಟ್ಟಿದೆ, ಯಾವುದಕ್ಕಿಲ್ಲ ಎಂಬುದನ್ನು ಬರೆದಿಡುವುದು ನಿವೃತ್ತರ ಸ್ವಂತ ಹಿತಕ್ಕೂ ಬೇಕು. ಬೇಬಾಕಿ ಪತ್ರ ಸಿಗದಿದ್ದರೆ ಉಪದಾನದ ಹಣ ತಡವಾಗುತ್ತದೆ. ಮೂವತ್ತು ವರ್ಷ ದುಡಿದವರು ಒಂದು ಕಾಣದ ಓಚರಿಗಾಗಿ ತಾವು ಆಳಿದ ಶಾಲೆಯ ಬೀರುವನ್ನು ಅನುಮತಿ ಕೇಳಿ ಹುಡುಕುವ ಸ್ಥಿತಿ ಯಾರಿಗೂ ಬರಬಾರದು.

ಪ್ರಭಾರ ತೆಗೆದುಕೊಳ್ಳುವವರೂ ಹಿರಿಯರ ಮುಖ ನೋಡಿ ಕಣ್ಣು ಮುಚ್ಚಿ ಸಹಿ ಹಾಕಬೇಕಿಲ್ಲ. ತಾಳೆ ನೋಡದ ಖಾತೆಯ ಎದುರು "ಪರಿಶೀಲನೆಗೆ ಒಳಪಟ್ಟಿದೆ" ಎಂದು ಬರೆದು ಸಹಿ ಮಾಡುವುದು ಅಗೌರವವಲ್ಲ. ಒಳ್ಳೆಯ ಲೆಕ್ಕ ಇಟ್ಟವರು ಅದಕ್ಕೆ ಬೇಸರಪಡುವುದೂ ಇಲ್ಲ.

ಖಾಸಗಿ ಶಾಲೆಗಳಲ್ಲಿ ಕಥೆ ಬೇರೆ, ತಿರುಳು ಇದೇ. ಅಲ್ಲಿ ಲೆಕ್ಕ ಒಬ್ಬ ಅಕೌಂಟೆಂಟ್ ಅಥವಾ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ, ಅವರು ಹೋಗುವುದು ನಿವೃತ್ತಿಯಿಂದಲ್ಲ, ಒಂದು ತಿಂಗಳ ನೋಟಿಸ್ ಕೊಟ್ಟು. ಟಿಡಿಎಸ್ ಕಟ್ಟಲು ತಿಂಗಳ 7, ಪಿಎಫ್ ಮತ್ತು ಇಎಸ್‌ಐಗೆ 15, ವೃತ್ತಿ ತೆರಿಗೆಗೆ 20 ಎಂಬ ತಾರೀಖುಗಳು ಯಾರಿಗೂ ಕಾಯುವುದಿಲ್ಲ. ಟ್ರಸ್ಟಿನ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗೆ ಅವಧಿಯಿದೆ, ಅದು ಮುಗಿಯುವ ಆರು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಆ ದಿನಾಂಕ ಹೋದವರ ತಲೆಯಲ್ಲಿ ಮಾತ್ರ ಇದ್ದರೆ ಸಂಸ್ಥೆಗೆ ಬೀಳುವ ಪೆಟ್ಟು ದೊಡ್ಡದು. ಆರ್‌ಟಿಇ ಮಕ್ಕಳ ಶುಲ್ಕ ಮರುಪಾವತಿಯ ಯಾವ ವರ್ಷದ ಕಂತು ಬಂದಿಲ್ಲ, ಬಸ್ಸಿನ ಸಾಲದ ಕಂತು ಯಾವ ಖಾತೆಯಿಂದ ಹೋಗುತ್ತದೆ ಎಂಬುದು ಬರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಮಾತಿನ ರಿಯಾಯಿತಿಗಳು. ತಂದೆ ತೀರಿಕೊಂಡ ಮಗುವೊಂದಕ್ಕೆ ಈ ವರ್ಷ ಅರ್ಧ ಶುಲ್ಕ ಸಾಕು ಎಂದು ಹಿಂದಿನವರು ತಾಯಿಗೆ ಮಾತು ಕೊಟ್ಟಿರುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಅದು ಬಾಕಿ ಎಂದೇ ತೋರಿಸುತ್ತದೆ. ಹೊಸಬರು ಬಾಕಿ ಪಟ್ಟಿ ತೆಗೆದು ಮಗುವನ್ನು ತರಗತಿಯಲ್ಲಿ ಎದ್ದು ನಿಲ್ಲಿಸುತ್ತಾರೆ. ಹೊಸಬರದ್ದು ಕ್ರೌರ್ಯವಲ್ಲ, ಅವರಿಗೆ ಯಾರೂ ಹೇಳಿಲ್ಲ. ಎರಡು ಸಾಲು ಬರೆದು ಆಡಳಿತ ಮಂಡಳಿಯ ಸಹಿ ಹಾಕಿಸಿದ್ದರೆ ಆ ಮಗು ಅವತ್ತು ಅಳಬೇಕಿರಲಿಲ್ಲ.

ಹೋದ ಮೇಲೆ ಒಂದೆರಡು ತಿಂಗಳು ಫೋನಿಗೆ ಸಿಗುವುದು ದೊಡ್ಡ ಉಪಕಾರ. ಯಾವ ಓಚರ್ ಎಲ್ಲಿದೆ, ಯಾವ ವ್ಯಾಪಾರಿ ಪ್ರಾಮಾಣಿಕ ಎಂದು ಹೇಳಬಹುದು. ನಿರ್ಧಾರಗಳನ್ನು ಮಾತ್ರ ಬಂದವರಿಗೇ ಬಿಡಬೇಕು. ಹಳೆಯ ಮುಖ್ಯ ಶಿಕ್ಷಕರ ಮನೆ ಎರಡನೇ ಕಚೇರಿಯಾದರೆ ಹೊಸಬರ ಮಾತಿಗೆ ಶಾಲೆಯಲ್ಲಿ ಬೆಲೆ ಇರುವುದಿಲ್ಲ.

ಇಷ್ಟೆಲ್ಲ ಭಾರವನ್ನು ಹೊರಡುವ ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ವರ್ಗಾವಣೆಯಾದರೆ ಕೌನ್ಸೆಲಿಂಗ್ ಮುಗಿದ ಕೂಡಲೇ ರಿಲೀವ್ ಮಾಡುವ ಆತುರವನ್ನಾದರೂ ಅರ್ಥ ಮಾಡಿಕೊಳ್ಳಬಹುದು. ನಿವೃತ್ತಿಯ ದಿನಾಂಕ ಮಾತ್ರ ಸೇವೆಗೆ ಸೇರಿದ ದಿನದಿಂದಲೇ ಎಸ್‌ಆರ್ (ಸೇವಾ ದಾಖಲೆ) ಪುಸ್ತಕದಲ್ಲಿದೆ. ಮುಂದಿನ ಮೇ 31ಕ್ಕೆ ಯಾವ ಶಾಲೆಯ ಯಾರು ಹೋಗುತ್ತಾರೆಂದು ಬಿಇಒ ಕಚೇರಿಗೂ ಉಪನಿರ್ದೇಶಕರ ಕಚೇರಿಗೂ ಇವತ್ತೇ ಗೊತ್ತು. ಅವರ ಜಾಗಕ್ಕೆ ಬರುವವರು ಯಾರು, ಪ್ರಭಾರ ಯಾರಿಗೆ, ಡಿಡಿಒ ಅಧಿಕಾರ ಯಾರಿಗೆ ಎಂಬ ಆದೇಶವನ್ನು ಮಾರ್ಚ್ ಒಳಗೇ ಹೊರಡಿಸಿ, ರಜೆಗೆ ಮೊದಲು ಇಬ್ಬರೂ ಒಂದು ವಾರ ಒಟ್ಟಿಗೆ ಕೂತು ಲೆಕ್ಕ ನೋಡಲು ಬಿಟ್ಟರೆ ಸಾಕು. ಅದಕ್ಕೆ ಹೊಸ ಕಾನೂನೂ ಬೇಡ, ಹೆಚ್ಚಿನ ಹಣವೂ ಬೇಡ. ಜಿಲ್ಲೆಯ ಉಪನಿರ್ದೇಶಕರು ಈ ವರ್ಷವೇ ಅಂಥ ಒಂದು ಸುತ್ತೋಲೆ ಕಳಿಸಲಿ.